ಫ್ಯಾನ್ ತಿರುಗುತ್ತಿತ್ತು, ಆದರೂ ಎಂಜಿನ್ ಬಿಸಿಯೇರುತ್ತಿತ್ತು

ಹೈವೇಯಲ್ಲಿ ಎಷ್ಟು ಹೊತ್ತು ಓಡಿಸಿದರೂ ನನ್ನ ಹಳೇ ಕಾರಿನ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತಿತ್ತು. ಟ್ರಾಫಿಕ್‌ನಲ್ಲಿ ನಿಂತರೆ ಸಾಕು, ಕೆಂಪು ಗೆರೆ ಕಡೆ ಹೊರಡುತ್ತಿತ್ತು. ಈ ಚಾಳಿಯಲ್ಲೇ ಅರ್ಧ ಉತ್ತರ ಇದೆ. ಓಡುವಾಗ ಗಾಳಿ ತಾನಾಗಿಯೇ ಎಂಜಿನ್ನಿನ ನೀರು ತಣಿಸುವ ರೇಡಿಯೇಟರ್‌ಗೆ ನುಗ್ಗುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ವೇಗದಲ್ಲಿ ಹೋಗುವಾಗಲೇ ಕಾದಿದ್ದರೆ ನಾನು ಮೊದಲು ಕಟ್ಟಿಕೊಂಡ ರೇಡಿಯೇಟರ್, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರ್ ಕಡೆ ನೀರು ಬಿಡದ ಕವಾಟ) ಕಡೆ ನೋಡುತ್ತಿದ್ದೆ.

ನನ್ನದು ಕರೆಂಟಿನ ಫ್ಯಾನ್, ಬೆಲ್ಟಿನದಲ್ಲ. ರೇಡಿಯೇಟರ್‌ನಲ್ಲಿರುವ ಥರ್ಮೋ ಸ್ವಿಚ್ ಬಿಸಿಯಾದಾಗ ಅದನ್ನು ಆನ್ ಮಾಡುತ್ತದೆ. ವಿಚಿತ್ರ ಅಂದರೆ ಫ್ಯಾನ್ ಸರಿಯಾದ ಹೊತ್ತಿಗೇ ಶುರುವಾಗುತ್ತಿತ್ತು. ನೋಡಿದವರೆಲ್ಲ ‘ಫ್ಯಾನ್ ತಿರುಗ್ತಾ ಇದೆಯಲ್ಲ, ಥರ್ಮೋಸ್ಟಾಟ್ ಕಿತ್ತು ಬಿಸಾಕಿ’ ಅಂದರು. ಈ ಸಲಹೆ ನನಗೆ ಯಾವತ್ತೂ ಹಿಡಿಸಿಲ್ಲ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾಗಿ ಬಿಸಿಯೇ ಏರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಬ್ಯಾಟರಿಯಿಂದ ಫ್ಯೂಸ್ ಇರುವ ವೈರ್ ಎಳೆದು ಫ್ಯಾನಿಗೆ ನೇರವಾಗಿ ಕರೆಂಟ್ ಕೊಟ್ಟೆ. ಮೊದಲಿಗಿಂತ ಜೋರಾಗಿ ತಿರುಗಿತು, ಸದ್ದೇ ಬೇರೆ! ಪ್ಲಸ್, ಮೈನಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಅದಕ್ಕೇ ರೇಡಿಯೇಟರ್ ಮುಂದೆ ಒಂದು ಕಾಗದ ಹಿಡಿದು ನೋಡಿದೆ. ಹಿಂದಿನಿಂದ ಗಾಳಿ ಎಳೆಯುವ ಫ್ಯಾನ್ ಆದ್ದರಿಂದ ಕಾಗದ ರೇಡಿಯೇಟರ್‌ಗೆ ಅಂಟಿಕೊಂಡಿತು. ಅಂದರೆ ಮೋಟರ್ ಚೆನ್ನಾಗಿದೆ, ದಾರಿಯಲ್ಲೆಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ.

ಇಲ್ಲಿ ಮಲ್ಟಿಮೀಟರ್ ಕೂಡ ದಾರಿ ತಪ್ಪಿಸಬಹುದು. ಫ್ಯಾನಿನ ಕನೆಕ್ಟರ್ ಬಿಚ್ಚಿ ಅಳೆದರೆ 12.4 ವೋಲ್ಟ್, ಬ್ಯಾಟರಿಯಲ್ಲಿ ಇದ್ದಷ್ಟೇ. ಕನೆಕ್ಟರ್ ಹಾಕಿ, ಫ್ಯಾನ್ ಓಡುತ್ತಿರುವಾಗ ಅಳೆದರೆ ಬರೀ 9.4! ಕರೆಂಟ್ ಹರಿಯದಿದ್ದಾಗ ಕೆಟ್ಟ ಜಾಯಿಂಟ್ ಕೂಡ ಸಾಚಾ ತರ ಕಾಣುತ್ತದೆ. ಓಮ್‌ ಅಳತೆಯಲ್ಲೂ ಇದು ಸಿಕ್ಕಿಬೀಳುವುದು ಕಷ್ಟ. 10 ಆಂಪಿಯರ್ ಎಳೆಯುವ ಫ್ಯಾನಿನ ದಾರಿಯಲ್ಲಿ 0.2 ಓಮ್ ಇದ್ದರೂ 2 ವೋಲ್ಟ್ ಹೋಯಿತು, ಅಲ್ವಾ?

ಕಳೆದುಹೋದ 3 ವೋಲ್ಟ್ ಎಲ್ಲಿ ಅಂತ ಹುಡುಕುವುದು ಸುಲಭ. ಫ್ಯಾನ್ ಓಡುತ್ತಿರಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಫ್ಯಾನಿನ ಪ್ಲಸ್‌ಗೆ: 1.9. ಫ್ಯಾನಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ: 1.1. ಒಂದೊಂದು ಕಡೆ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ನನಗೆ ಅನುಮಾನ. ಬಾನೆಟ್ ಕೆಳಗೆ ಹೀಗೆ ಕೈ ಹಾಕುವಾಗ ತೋಳು, ವೈರು ಫ್ಯಾನಿಗೆ ಸಿಗದಂತೆ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ಶುರುವಾಗುತ್ತದೆ.

ಮೈನಸ್ ಕಡೆ, ಕಾರಿನ ಲೋಹದ ಮೈಗೆ ಕಟ್ಟಿದ್ದ ಅರ್ಥ್ ವೈರಿನ ಬೋಲ್ಟ್ ಕೆಳಗೆ ತುಕ್ಕು, ಅದರ ಮೇಲೆ ಪೇಂಟ್. ಎಮರಿ ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ ಬಿಗಿ ಮಾಡಿದೆ. ಅಷ್ಟೇ, ಆ ಕಡೆ ಮುಗಿಯಿತು.

ಪ್ಲಸ್ ಕಡೆಯ ನಷ್ಟ ಹೆಚ್ಚೂಕಮ್ಮಿ ಪೂರ್ತಿ ಥರ್ಮೋ ಸ್ವಿಚ್‌ನಲ್ಲೇ ಆಗುತ್ತಿತ್ತು. ಸ್ವಿಚ್ ಬಿಚ್ಚಿ, ಥರ್ಮಾಮೀಟರ್ ಜೊತೆ ನೀರಲ್ಲಿ ಕಾಯಿಸಿ ನೋಡಿದೆ. ಮೈಮೇಲೆ ಅಚ್ಚು ಹಾಕಿದ್ದ 92 ಡಿಗ್ರಿ ಹತ್ತಿರವೇ ಆನ್ ಆಯಿತು. ಬುದ್ಧಿ ನೆಟ್ಟಗಿದೆ, ಒಳಗಿನ ಕಾಂಟ್ಯಾಕ್ಟ್ ಮಾತ್ರ ಸುಟ್ಟಿದೆ. ನನ್ನ ಕಾರಿನಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಇರಲಿಲ್ಲ, ಫ್ಯಾನಿನ ಅಷ್ಟೂ ಕರೆಂಟ್ ಆ ಪುಟ್ಟ ಸ್ವಿಚ್ಚಿನಲ್ಲೇ ಹರಿಯಬೇಕಿತ್ತು.

ಹೊಸ ಸ್ವಿಚ್ ಹಾಕಿ, ಜೊತೆಗೆ ಒಂದು ರಿಲೇ ಸೇರಿಸಿದೆ. ಬ್ಯಾಟರಿಯಿಂದ ಫ್ಯೂಸ್ ಮೂಲಕ ರಿಲೇಯ 30 ನಂಬರಿನ ಪಿನ್ನಿಗೆ ದಪ್ಪ ವೈರ್, 87ರಿಂದ ಫ್ಯಾನಿಗೆ. ಕಾಯಿಲ್ಲಿನ ಎರಡು ತುದಿಗಳಾದ 85, 86ರಲ್ಲಿ ಒಂದು ಅರ್ಥ್‌ಗೆ, ಇನ್ನೊಂದು ಸ್ವಿಚ್ಚಿಗೆ. ಈಗ ಸ್ವಿಚ್ ಎಬ್ಬಿಸಬೇಕಾದ್ದು ರಿಲೇಯ ಕಾಯಿಲ್ ಮಾತ್ರ. ಅದಕ್ಕೆ ಅರ್ಧ ಆಂಪಿಯರ್ ಕೂಡ ಬೇಡ.

ಎಂಜಿನ್ ಆಫ್ ಇದ್ದಾಗ ಫ್ಯಾನಿನಲ್ಲಿ ಈಗ 11.9 ವೋಲ್ಟ್. ನಿಂತಲ್ಲೇ ಐಡಲ್‌ನಲ್ಲಿ ಬಿಟ್ಟರೆ ಫ್ಯಾನ್ ಬರುತ್ತದೆ, ಸ್ವಲ್ಪ ಹೊತ್ತು ಓಡುತ್ತದೆ, ನಿಲ್ಲುತ್ತದೆ. ರಾತ್ರಿ ಹೆಡ್‌ಲೈಟ್ ಉರಿಯುವಾಗ ಮಾತ್ರ ಐಡಲ್‌ನಲ್ಲಿ ಅದರ ಸದ್ದು ಕೊಂಚ ಇಳಿಯುತ್ತದೆ. ಹಳೇ ಡೈನಮೋದ ತಾಕತ್ತೇ ಅಷ್ಟು. ಮುಳ್ಳು ಜಾಗ ಬಿಟ್ಟು ಕದಲದಿರುವ ತನಕ ಅದರ ತಂಟೆಗೆ ಹೋಗುವುದಿಲ್ಲ.