ನಾಯಿಯ ಬಾಯಿ ನಾರುತ್ತಿದ್ದರೆ ಮೊದಲು ವಸಡು ನೋಡಿ

ನಾಯಿಯೆಂದ ಮೇಲೆ ಬಾಯಿ ನಾರುವುದು ಸಹಜವೆಂದು ಸುಮ್ಮನಿರುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ನಾತ ಹೆಚ್ಚಾಗಿ ವಸಡಿನ ರೋಗದ ಮುನ್ಸೂಚನೆಯೇ ಆಗಿರುತ್ತದೆ. ಮೇಲ್ದುಟಿಯನ್ನು ಮೆಲ್ಲನೆ ಎತ್ತಿ, ಹಿಂಬದಿಯ ದೊಡ್ಡ ದವಡೆ ಹಲ್ಲಿನ ಹೊರಮೈಯನ್ನು ನೋಡಿ. ಜೊಲ್ಲಿನ ನಾಳ ಅಲ್ಲೇ ಹತ್ತಿರದಲ್ಲಿ ತೆರೆದುಕೊಳ್ಳುವುದರಿಂದ ಕಿಟ್ಟ, ಅಂದರೆ ಹಲ್ಲಿಗೆ ಅಂಟಿ ಗಟ್ಟಿಯಾಗುವ ಕೊಳೆ, ಅಲ್ಲಿ ಬೇಗ ಕಟ್ಟುತ್ತದೆ. ಹಲ್ಲಿನ ಬುಡದಲ್ಲಿ ಕಂದು ಪದರವೂ ಅದಕ್ಕೆ ತಾಗಿದ ವಸಡಿನ ಅಂಚಿನಲ್ಲಿ ಕೆಂಪು ಗೆರೆಯೂ ಕಂಡರೆ ರೋಗ ಶುರುವಾಗಿದೆ ಎಂದರ್ಥ.

ನಮ್ಮ ಮುದಿ ನಾಯಿ ಒಂದೇ ಪಕ್ಕದಲ್ಲಿ ಅಗಿಯುತ್ತ ತುತ್ತನ್ನು ಬೀಳಿಸಿಕೊಳ್ಳುತ್ತಿದ್ದುದನ್ನು ನಾನು ವಯಸ್ಸಿನ ದೋಷವೆಂದುಕೊಂಡೆ. ಪಶುವೈದ್ಯರಿಗೆ ತೋರಿಸುವ ಹೊತ್ತಿಗೆ ನಾಲ್ಕು ಹಲ್ಲುಗಳು ಸಡಿಲವಾಗಿ, ಕೀಳಿಸದೆ ಬೇರೆ ದಾರಿಯಿರಲಿಲ್ಲ. ವಸಡು ಬರಿದೇ ಕೆಂಪಾಗಿ ಊದಿದ ಹಂತದಲ್ಲಿ ಹಲ್ಲನ್ನು ಸ್ವಚ್ಛ ಮಾಡಿಸಿದರೆ ವಸಡು ಮೊದಲಿನಂತಾಗುತ್ತದೆ, ಆದರೆ ಹಲ್ಲನ್ನು ಹಿಡಿದಿಟ್ಟ ಮೂಳೆ ಸವೆದರೆ ಅದು ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಹಲ್ಲಿನ ಮೇಲೆ ಕೂರುವ ಬ್ಯಾಕ್ಟೀರಿಯಾಗಳ ಅಂಟುಪದರವು ಎರಡು ಮೂರು ದಿನಗಳಲ್ಲೇ ಜೊಲ್ಲಿನ ಖನಿಜ ಸೇರಿ ಕಲ್ಲಾಗತೊಡಗುವುದರಿಂದ, ದಿನಕ್ಕೊಮ್ಮೆ ಉಜ್ಜುವುದೇ ಸರಿ. ಮೊದಲ ಕೆಲವು ದಿನ ನಾಯಿಗಳ ಪೇಸ್ಟನ್ನು ಬೆರಳಿನಿಂದ ನೆಕ್ಕಿಸಿ, ಬಳಿಕ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ಒರೆಸಿ, ಅದು ಒಗ್ಗಿದ ಮೇಲೆ ಮೃದುವಾದ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣಗೆ ಸುತ್ತಿಸಿ. ಹೊರಮೈಯನ್ನು ಉಜ್ಜಿದರೆ ಸಾಕು, ಬಾಯಿ ಅಗಲಿಸುವ ಹೋರಾಟ ಬೇಡ. ಮನುಷ್ಯರ ಪೇಸ್ಟನ್ನು ಮಾತ್ರ ಖಂಡಿತ ಬಳಸಬೇಡಿ. ಕೆಲವು ಪೇಸ್ಟುಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸಿ ಯಕೃತ್ತನ್ನೂ ಕೆಡಿಸಬಲ್ಲದು. ಗಟ್ಟಿ ಮೂಳೆ ಕಡಿದರೆ ಹಲ್ಲು ಶುಚಿಯಾಗುತ್ತದೆಂದು ನಂಬಿ ದವಡೆ ಹಲ್ಲನ್ನೇ ಸೀಳಿಸಿಕೊಂಡ ನಾಯಿಗಳೂ ಇವೆ.

ಕಲ್ಲಾದ ಕಿಟ್ಟವನ್ನು ಮನೆಯಲ್ಲಿ ಕೆರೆಯಲು ಹೋಗಬೇಡಿ. ಕಣ್ಣಿಗೆ ಕಾಣುವ ಭಾಗ ಉದುರಿದರೂ ರೋಗವಿರುವುದು ವಸಡಿನ ಕೆಳಗೆ, ಅದನ್ನು ಪಶುವೈದ್ಯರು ಅರಿವಳಿಕೆ ಕೊಟ್ಟೇ ತೆಗೆಯಬೇಕು. ಕಣ್ಣಿನ ಕೆಳಗೆ ಬಾವು ಬಂದರೆ, ವಸಡಿನಿಂದ ರಕ್ತ ಜಿನುಗಿದರೆ ಅಥವಾ ನಾಯಿ ಉಣ್ಣುವುದನ್ನು ಬಿಟ್ಟರೆ ತಡಮಾಡಬೇಡಿ. ಹಲ್ಲು ಶುಭ್ರವಾಗಿದ್ದೂ ಉಸಿರಿನಲ್ಲಿ ಮೂತ್ರದಂಥ ವಾಸನೆಯಿದ್ದರೆ ಮೂತ್ರಪಿಂಡವನ್ನೂ, ಹಣ್ಣಿನಂಥ ಸಿಹಿ ವಾಸನೆಯಿದ್ದರೆ ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಲು ಕೇಳಿಕೊಳ್ಳಿ.