ಉಂಬಳ ಹತ್ತಿದರೆ ಉಪ್ಪು ಹುಡುಕಬೇಡಿ

ಕಳೆದ ಮಳೆಗಾಲ ಕೊಡಚಾದ್ರಿ ದಾರಿಯಲ್ಲಿ ಹುಡುಗನೊಬ್ಬ ಕಲ್ಲಿನ ಮೇಲೆ ಕೂತು ತನ್ನ ಕಾಲಿಗೆ ತಾನೇ ಲೈಟರ್ ಹಿಡಿದಿದ್ದ. ಕಚ್ಚಿದ್ದ ಉಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ, ಏನೋ ಬಿತ್ತು. ಜೊತೆಗೆ ಮೀನಖಂಡದ ಮೇಲೆ ರೂಪಾಯಿ ಅಗಲದ ಬೊಬ್ಬೆಯೂ ಎದ್ದಿತು. ಪಕ್ಕದಲ್ಲಿ ಅವನ ಗೆಳೆಯ ಉಪ್ಪಿನ ಪ್ಯಾಕೆಟ್ ಹಿಡಿದು ನಿಂತಿದ್ದ. ಆ ಉಪ್ಪು ಮಳೆಗೆ ಆಗಲೇ ಗಂಜಿಯಾಗಿತ್ತು. ಇಂಥದ್ದನ್ನು ಪ್ರತಿ ವರ್ಷ ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗ. ಮಳೆಯಲ್ಲಿ ಕಾಡು ನಡಿಗೆ ಹೊಸದಾದರೆ ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೋಗಿ. ಕೆಳದಿ ಅರಸರ ಕೋಟೆ, ಹಾಸುಗಲ್ಲಿನ ದಾರಿ, ಅರ್ಧ ದಿನ ಸಾಕು. ಕಲ್ಲು ಪಾಚಿಗಟ್ಟಿರುತ್ತದೆ, ಜೋಪಾನ. ಕೊಡಚಾದ್ರಿ 1343 ಮೀಟರ್ ಎತ್ತರ, ಇರುವುದು ಮೂಕಾಂಬಿಕಾ ವನ್ಯಜೀವಿ ಧಾಮದೊಳಗೆ. ಜೋರು ಮಳೆಗೆ ದಾರಿ ಬಂದ್ ಮಾಡುವುದುಂಟು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟ್ ನೋಡಿಕೊಂಡೇ ಮನೆ ಬಿಡಿ.

ಎರಡನೆಯದು ಬಟ್ಟೆ. ತಿಳಿ ಬಣ್ಣದ ಪ್ಯಾಂಟ್ ಹಾಕಿ, ಉಂಬಳ ಹತ್ತುವುದು ಕಣ್ಣಿಗೆ ಬೀಳುತ್ತದೆ. ಸಾಕ್ಸ್ ಪ್ಯಾಂಟಿನ ಹೊರಗಿರಲಿ. ಹೆಣೆದ ಸಾಕ್ಸ್ ಬೇಡ. ಮರಿ ಉಂಬಳ ದಾರದಷ್ಟು ಸಣ್ಣ, ಹೆಣಿಗೆಯ ತೂತಲ್ಲೇ ನುಗ್ಗುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲವರೆಗಿನ ಲೀಚ್ ಸಾಕ್ಸ್ ಬೇಕು. ಕೊಂಡ ಕೂಡಲೇ ಬೆರಳ ತುದಿಯ ಹೊಲಿಗೆ ಎಳೆದು ನೋಡಿ. ನಾನು ಆನ್‌ಲೈನಲ್ಲಿ ತರಿಸಿದ ಒಂದು ಜೊತೆಯ ಹೊಲಿಗೆ ಮೊದಲ ಹಳ್ಳ ದಾಟುವಷ್ಟರಲ್ಲೇ ಬಿಟ್ಟಿತ್ತು. ಒಳಗೆ ಆರು ಉಂಬಳ! ಸ್ಪ್ರೇಗೆ ದುಡ್ಡು ಸುರಿಯಬೇಡಿ, ಮಳೆಗೆ ತೊಳೆದು ಹೋಗುತ್ತದೆ. ಹೊಗೆಸೊಪ್ಪು ನೆನೆಸಿದ ನೀರಲ್ಲಿ ಸಾಕ್ಸ್ ಅದ್ದಿ ಒಣಗಿಸುವ ಹಳೇ ಉಪಾಯವೇ ನನಗೆ ಇಷ್ಟ. ಅದೂ ಪೂರ್ತಿ ದಿನ ಬಾಳುವುದಿಲ್ಲ ಅನ್ನಿ.

ನಡೆಯುವಾಗ ತರಗೆಲೆ ಮೇಲೆ ನಿಂತು ಫೋಟೊ ತೆಗೆಯಬೇಡಿ. ನಿಲ್ಲಲೇಬೇಕಾದರೆ ಬರೀ ಕಲ್ಲಿನ ಮೇಲೆ ನಿಲ್ಲಿ, ಒಬ್ಬರ ಕಾಲು ಇನ್ನೊಬ್ಬರು ನೋಡಿ.

ಇನ್ನು ಎಲ್ಲರೂ ಎಡವಟ್ಟು ಮಾಡಿಕೊಳ್ಳುವ ಕೆಲಸ: ಬಿಡಿಸುವುದು. ಉಪ್ಪು, ಸುಣ್ಣ, ಬೆಂಕಿ ಯಾವುದೂ ಬೇಡ. ಇವು ತಾಗಿದರೆ ಉಂಬಳ ಹೊಟ್ಟೆಯೊಳಗಿನದ್ದನ್ನು ಗಾಯಕ್ಕೇ ಕಕ್ಕಬಹುದು, ಆಮೇಲೆ ಕೀವಾಗುವ ಭಯ. ಹಿಡಿದು ಜಗ್ಗಲೂಬೇಡಿ, ಗಾಯ ದೊಡ್ಡದಾಗಬಹುದು.

ಮೊದಲು ಉಸಿರು ಬಿಟ್ಟು ಅದನ್ನು ಸರಿಯಾಗಿ ನೋಡಿ. ಅದು ಎರಡೂ ತುದಿಯಲ್ಲಿ ಅಂಟಿಕೊಂಡಿರುತ್ತದೆ. ದಪ್ಪ ತುದಿ ಬರೀ ಹಿಡಿತಕ್ಕೆ. ಸಣ್ಣ ತುದಿಯೇ ಬಾಯಿ. ಗಾಬರಿಯಲ್ಲಿ ಜನ ದಪ್ಪ ಕಡೆಗೇ ಕೈ ಹಾಕುತ್ತಾರೆ. ನೀವು ಬಾಯಿಯಿಂದ ಶುರುಮಾಡಿ. ಒಂದು ಕೈಯಲ್ಲಿ ಅಲ್ಲಿನ ಚರ್ಮ ಬಿಗಿಯಾಗಿ ಎಳೆದು ಹಿಡಿಯಿರಿ. ಇನ್ನೊಂದು ಕೈಯ ಉಗುರನ್ನು ಚರ್ಮಕ್ಕೆ ಒತ್ತಿ, ಮಟ್ಟಸವಾಗಿ, ಸಣ್ಣ ತುದಿಯ ಅಡಿಗೆ ಪಕ್ಕದಿಂದ ತೂರಿಸಿ. ಹಣೆಯ ಸ್ಟಿಕ್ಕರ್ ಎಬ್ಬಿಸುತ್ತೀರಲ್ವಾ, ಹಾಗೆ. ಬಾಯಿ ಬಿಟ್ಟ ಕೂಡಲೇ ತಡಮಾಡದೆ ದಪ್ಪ ತುದಿಗೂ ಅದೇ ಉಗುರು ಹಾಕಿ. ತಡವಾದರೆ ಬಾಯಿ ತಿರುಗಿ ನಿಮ್ಮ ಬೆರಳಿಗೇ ಹತ್ತುತ್ತದೆ. ಹತ್ತಿದರೆ ಎರಡು ಬೆರಳ ನಡುವೆ ಉಂಡೆ ಹೊಸೆದು ಹಾರಿಸಿ, ಗೆಳೆಯರ ಕಡೆಗಲ್ಲ. ಉಗುರಿಲ್ಲದವರಿಗೆ ಬಸ್ ಪಾಸಿನಂಥ ಗಟ್ಟಿ ಕಾರ್ಡಿನ ಅಂಚು ಆಗುತ್ತದೆ. ಕಣ್ಣು, ಮೂಗಿನೊಳಗೆ ಹೊಕ್ಕಿದ್ದರೆ ಮಾತ್ರ ಕೈ ಹಾಕದೆ ಡಾಕ್ಟರ ಹತ್ತಿರ ಹೋಗಿ.

ರಕ್ತ ಹರಿಯುತ್ತಲೇ ಇರುತ್ತದೆ, ಹೆದರಬೇಡಿ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಕೆಲವು ಗಂಟೆ ಜಿನುಗುವುದೂ ಉಂಟು. ಸೋಪು ನೀರಲ್ಲಿ ತೊಳೆದು, ಒಣ ಬಟ್ಟೆ ಒತ್ತಿ ಕಟ್ಟಿ. ನಮ್ಮ ಕಡೆ ಪೇಪರ್ ಚೂರು ಅಂಟಿಸುವ ರೂಢಿಯಿದೆ. ರಕ್ತ ನಿಲ್ಲುತ್ತದೆ, ಆದರೆ ಆ ಪೇಪರ್ ಯಾರ ಜೇಬಲ್ಲಿತ್ತೋ! ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ತುರಿಕೆ ಕೆಲವು ದಿನ ಇರುತ್ತದೆ, ಕೆರೆಯಬೇಡಿ.

ಒಂದು ಗೊಂದಲ ಮಾಡಿಕೊಳ್ಳಬೇಡಿ. ಮಂಗನ ಕಾಯಿಲೆ ಹರಡುವುದು ಉಂಬಳವಲ್ಲ, ಉಣುಗು, ಅಂದರೆ ದನ, ನಾಯಿಗಳ ಮೈಗೆ ಕಚ್ಚಿಕೊಳ್ಳುವ ಸಣ್ಣ ಹುಳ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. ಅದರ ಕಾಟ ಜಾಸ್ತಿ ಮಳೆ ನಿಂತ ಮೇಲೆ, ಒಣ ತಿಂಗಳುಗಳಲ್ಲಿ.

ಕಾರು ಹತ್ತುವ ಮುಂಚೆ ಶೂ ಬಿಚ್ಚಿ ಕೊಡವಿ, ಬ್ಯಾಗಿನ ಪಟ್ಟಿ ತಿರುಗಿಸಿ ನೋಡಿ. ಹೋದ ಸಲ ನನಗೆ ಒಂದು ಸಿಕ್ಕಿದ್ದು ಕೊಡೆಯ ಮಡಿಕೆಯಲ್ಲಿ, ಮನೆಗೆ ಬಂದು ಎರಡು ದಿನವಾದ ಮೇಲೆ.