ಕೆರಿಬಿಯನ್ ಕ್ರೂಸ್: ಹಡಗು ಹತ್ತುವ ಮೊದಲು, ಹತ್ತಿದ ಮೇಲೆ

ಮೆಕ್ಸಿಕೊದ ಕೊಜುಮೆಲ್ ದ್ವೀಪ, ಜುಲೈ ತಿಂಗಳು. ಹಡಗಿಗೆ ಹತ್ತುವ ಸೇತುವೆ ಎಳೆದುಕೊಂಡಾಗಿತ್ತು, ಹಗ್ಗ ಬಿಚ್ಚುತ್ತಿದ್ದರು. ಆಗ ಬಂದರಿನ ಕಟ್ಟೆಯ ಆ ತುದಿಯಿಂದ ಇಬ್ಬರು ಓಡಿ ಬರುವುದು ಕಾಣಿಸಿತು. ಗಂಡನ ಕೈಯಲ್ಲಿ ಎರಡೂ ಚಪ್ಪಲಿ, ಹೆಂಡತಿಯ ತಲೆ ಮೇಲೆ ಆಗಷ್ಟೇ ಕೊಂಡ ದೊಡ್ಡ ಹುಲ್ಲಿನ ಟೋಪಿ. ಮೇಲಿನ ಡೆಕ್‌ನಲ್ಲಿ ನಿಂತಿದ್ದ ನಾವೆಲ್ಲ ಕೈ ಬೀಸಿ ಕೂಗಿದೆವು. ಹಡಗು ನಿಲ್ಲಲಿಲ್ಲ.

ಮರುದಿನ ಅವರ ಜೊತೆ ಬಂದಿದ್ದ ಅಣ್ಣ ಊಟದ ಟೇಬಲ್‌ನಲ್ಲಿ ಕಥೆ ಹೇಳಿದರು. ಅವರ ಫೋನ್ ಪ್ರಕಾರ ಇನ್ನೂ ಅರ್ಧ ಗಂಟೆ ಬಾಕಿ ಇತ್ತಂತೆ. ಹಡಗಿನ ಹಾರ್ನ್ ಕೇಳಿ ಗಾಬರಿಯಾಗಿ ಓಡಿದ್ದಾರೆ. ತಪ್ಪು ಫೋನಿನದೂ ಅಲ್ಲ. ಕೊಜುಮೆಲ್ ಇರುವ ಕ್ವಿಂಟಾನಾ ರೂ ರಾಜ್ಯದಲ್ಲಿ 2015ರಿಂದ ವರ್ಷಪೂರ್ತಿ ಒಂದೇ ಸಮಯ. ಆದರೆ ನಾವು ಹಡಗು ಹತ್ತಿದ ಮಯಾಮಿಯಲ್ಲಿ (ಅಮೆರಿಕದ ಫ್ಲಾರಿಡಾ) ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಹಡಗು ಮಯಾಮಿಯ ಸಮಯ ಹಿಡಿದು ನಡೆಯುತ್ತಿತ್ತು. ಫೋನ್ ದಡದ ಟವರ್ ಸಿಕ್ಕ ಕೂಡಲೇ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ಜಮೈಕಾ, ಗ್ರ್ಯಾಂಡ್ ಕೇಮನ್‌ಗಳಲ್ಲೂ ಬೇಸಿಗೆಯಲ್ಲಿ ಇದೇ ಗೊಂದಲ.

ಆದ್ದರಿಂದ ಮೊದಲ ಖರೀದಿ ಒಂದು ಸಾದಾ ಕೈಗಡಿಯಾರ. ಹಡಗು ಹತ್ತಿದ ದಿನ ಹಡಗಿನ ಸಮಯಕ್ಕೆ ಹೊಂದಿಸಿ. ಕ್ಯಾಪ್ಟನ್ ಮೈಕ್‌ನಲ್ಲಿ ಸಮಯ ಬದಲಾಯಿಸಿ ಎಂದು ಹೇಳುವವರೆಗೆ ಅದನ್ನು ಮುಟ್ಟಬೇಡಿ.

ಹೆಜ್ಜೆ 1: ಮೊದಲು ದಾರಿ, ಆಮೇಲೆ ಹಡಗು

ಹೆಚ್ಚಿನವರು ಎಷ್ಟು ಈಜುಕೊಳ, ಎಷ್ಟು ಜಾರುಬಂಡಿ ಎಂದು ನೋಡಿ ಬುಕ್ ಮಾಡುತ್ತಾರೆ. ಮಕ್ಕಳಿದ್ದರೆ ಅದೂ ಸರಿಯೇ. 2024ರ ಜನವರಿಯಲ್ಲಿ ಶುರುವಾದ ಐಕಾನ್ ಆಫ್ ದ ಸೀಸ್ ಎಂಬ ಹಡಗಿನಲ್ಲಿ ಪೂರ್ತಿ ಭರ್ತಿಯಾದರೆ ಸುಮಾರು 7,600 ಪ್ರಯಾಣಿಕರು. ಅದೇ ಒಂದು ಸಣ್ಣ ಪಟ್ಟಣ. ಆದರೆ ಕೆರಿಬಿಯನ್ ಅಂದರೆ ಒಂದೇ ಜಾಗವಲ್ಲ, ಯಾವ ಕಡೆ ಹೋಗುತ್ತೀರಿ ಎಂಬುದರ ಮೇಲೆ ರಜೆಯ ರುಚಿಯೇ ಬೇರೆಯಾಗುತ್ತದೆ.

ಪೂರ್ವದ ದಾರಿ ಎಂದರೆ ಬಹಾಮಾಸ್, ಪೋರ್ಟೊ ರಿಕೊದ ಸ್ಯಾನ್ ಹುವಾನ್, ಸೇಂಟ್ ಥಾಮಸ್, ಸೇಂಟ್ ಮಾರ್ಟಿನ್. ಬೀಚ್, ಅಂಗಡಿ, ಹಳೆ ಕೋಟೆ. ಪಶ್ಚಿಮದಲ್ಲಿ ಕೊಜುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾ, ಬೆಲೀಜ್, ಹೊಂಡುರಾಸ್‌ನ ರೊವಾಟಾನ್. ಹವಳದ ದಿಬ್ಬ, ಜಲಪಾತ, ಮಾಯಾ ಜನರ ಹಳೆಯ ಗುಡಿಗಳು ನೋಡಬೇಕೆಂದರೆ ಈ ಕಡೆ. ದಕ್ಷಿಣಕ್ಕೆ ಹೋದರೆ ಅರುಬಾ, ಕ್ಯುರಸಾವ್, ಬಾರ್ಬಡೋಸ್, ಸೇಂಟ್ ಲೂಸಿಯಾ. ಅಲ್ಲಿಗೆ ಫ್ಲಾರಿಡಾದಿಂದ ದೂರ ಜಾಸ್ತಿ, ಹಾಗಾಗಿ ದಿನಗಳೂ ಜಾಸ್ತಿ ಬೇಕು. ಸ್ಯಾನ್ ಹುವಾನ್‌ನಿಂದಲೇ ಹೊರಡುವ ಹಡಗು ಸಿಕ್ಕರೆ ಒಂದು ವಾರ ಸಾಕು. ಮೊದಲ ಸಲ ಹೋಗುವವರಿಗೆ ನನ್ನ ಮತ ಪಶ್ಚಿಮಕ್ಕೆ: ಏಳು ರಾತ್ರಿ, ಮೂರು ಅಥವಾ ನಾಲ್ಕು ಬಂದರು. ಐದು ಬಂದರಾದರೆ ರಜೆ ಹೋಗಿ ಡ್ಯೂಟಿ ಆಗುತ್ತದೆ.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಅದರ ಜೋರು. ಆಗ ಟಿಕೆಟ್ ಅಗ್ಗ, ಹಡಗು ಬಿರುಗಾಳಿಗೆ ಸಿಕ್ಕದಂತೆ ಸುತ್ತು ಹಾಕಿ ಹೋಗುತ್ತದೆ. ಆದರೆ ನೀವು ಕನಸು ಕಂಡ ದ್ವೀಪದ ಬದಲು ಬೇರೆ ದ್ವೀಪ ಸಿಗಬಹುದು. ಬಂದರು ಬದಲಿಸುವ ಹಕ್ಕು ಹಡಗಿಗಿದೆ, ಟಿಕೆಟ್‌ನ ಷರತ್ತಿನಲ್ಲೇ ಬರೆದಿರುತ್ತದೆ. ಜಗಳ ಆಡಿ ಪ್ರಯೋಜನವಿಲ್ಲ. ಅರುಬಾ, ಬೊನೇರ್, ಕ್ಯುರಸಾವ್ ಮೂರೂ ಬಿರುಗಾಳಿಯ ಮುಖ್ಯ ದಾರಿಯಿಂದ ದಕ್ಷಿಣಕ್ಕಿವೆ. ಡಿಸೆಂಬರ್ ಮೊದಲ ಎರಡು ವಾರ ನನಗೆ ಇಷ್ಟ. ಕ್ರಿಸ್‌ಮಸ್ ಗದ್ದಲ ಇನ್ನೂ ಶುರುವಾಗಿರುವುದಿಲ್ಲ, ಬಿಸಿಲೂ ಹದವಾಗಿರುತ್ತದೆ.

ಹೆಜ್ಜೆ 2: ಕ್ಯಾಬಿನ್ ಆರಿಸುವಾಗ ತಲೆ ಎತ್ತಿ ನೋಡಿ

ಅಂದರೆ ನಿಮ್ಮ ಕ್ಯಾಬಿನ್ ಮೇಲಿನ ಡೆಕ್‌ನಲ್ಲಿ ಏನಿದೆ ಎಂದು ನಕ್ಷೆಯಲ್ಲಿ ನೋಡಿ. ಈಜುಕೊಳದ ಅಂಗಳ ಇದ್ದರೆ ಬೆಳಿಗ್ಗೆ ಐದಕ್ಕೇ ಕುರ್ಚಿ ಎಳೆಯುವ ಸದ್ದು. ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಡ್ರಮ್ಸ್. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವುದು ಒಳ್ಳೆಯದು. ಓಲಾಡಿದರೆ ಹೊಟ್ಟೆ ತೊಳಸುವವರು ಕೆಳಗಿನ ಡೆಕ್‌ನಲ್ಲಿ, ಹಡಗಿನ ನಡುಭಾಗದಲ್ಲಿ ಹಿಡಿಯಿರಿ. ತೊಟ್ಟಿಲು ಗೊತ್ತಲ್ಲ, ತುದಿಗಳು ತೂಗುತ್ತವೆ, ನಡುವೆ ಅಲುಗಾಟ ಕಡಿಮೆ.

ಕಿಟಕಿಯಿಲ್ಲದ ಒಳ ಕ್ಯಾಬಿನ್ ಅಗ್ಗ. ಮಲಗಲು ಮಾತ್ರ ಬರುವವರಿಗೆ ಅದೇ ಸಾಕು. ಆದರೆ ದೀಪ ಆರಿಸಿದರೆ ಗವಿಯ ಕತ್ತಲು. ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಇದ್ದರೆ, ಧ್ವನಿ ಬಂದ್ ಮಾಡಿ ಹಚ್ಚಿಟ್ಟು ಮಲಗಿ. ಬೆಳಗಾದದ್ದು ಅದರಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 3: ಕಾಗದಪತ್ರ, ಮತ್ತು ಒಂದು ದಿನ ಮುಂಚೆ

ಅಮೆರಿಕದ ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಹಡಗಾದರೆ, ಅಮೆರಿಕದ ಪ್ರಜೆಗಳು ಸಾಮಾನ್ಯವಾಗಿ ಜನನ ಪ್ರಮಾಣಪತ್ರ ಮತ್ತು ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿಯಲ್ಲೇ ಹೋಗಿ ಬರಬಹುದು. ಆದರೂ ಪಾಸ್‌ಪೋರ್ಟ್ ಒಯ್ಯಿರಿ. ಹಡಗು ತಪ್ಪಿದರೆ ವಿಮಾನ ಹತ್ತಬೇಕು, ಅದಕ್ಕೆ ಜನನ ಪ್ರಮಾಣಪತ್ರ ನಡೆಯುವುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಇರುವವರು ಅಮೆರಿಕದ ಮಲ್ಟಿಪಲ್ ಎಂಟ್ರಿ ವೀಸಾ, ಅಂದರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಬಿಡುವ ವೀಸಾ, ಇದೆಯೇ ನೋಡಿಕೊಳ್ಳಿ. ಹಡಗಿನಿಂದ ಇಳಿಯುವಾಗ ನೀವು ಅಮೆರಿಕಕ್ಕೆ ಮತ್ತೊಮ್ಮೆ ಪ್ರವೇಶಿಸುತ್ತಿದ್ದೀರಿ. ದಾರಿಯಲ್ಲಿರುವ ದ್ವೀಪಗಳ ನಿಯಮ ಒಂದೊಂದಕ್ಕೂ ಬೇರೆ, ಬುಕ್ ಮಾಡುವ ಮೊದಲೇ ವಿಚಾರಿಸಿ.

ಹಡಗು ಹೊರಡುವ ಊರಿಗೆ ಹಿಂದಿನ ದಿನವೇ ತಲುಪಿ. ಅದೇ ದಿನ ಬೆಳಗಿನ ವಿಮಾನ ಹಿಡಿದು ಮಧ್ಯಾಹ್ನ ಹಡಗು ಹತ್ತುವ ಲೆಕ್ಕಾಚಾರ ಕಾಗದದ ಮೇಲೆ ಚೆಂದ. ವಿಮೆ ಮಾಡಿಸುವಾಗ ವೈದ್ಯಕೀಯ ವೆಚ್ಚ ಸೇರಿದೆಯೇ ನೋಡಿ. ಹಡಗಿನ ಡಾಕ್ಟರ್ ಬಿಲ್ ಚಿಕ್ಕದಿರುವುದಿಲ್ಲ.

ಹೆಜ್ಜೆ 4: ಚೀಲ ತುಂಬುವುದು

ದೊಡ್ಡ ಸೂಟ್‌ಕೇಸ್ ಬಂದರಿನಲ್ಲೇ ಕೊಟ್ಟುಬಿಡುತ್ತೀರಿ. ಅದು ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗಬಹುದು. ಆದ್ದರಿಂದ ಈಜುಡುಗೆ, ಮಾತ್ರೆ, ಪಾಸ್‌ಪೋರ್ಟ್, ಚಾರ್ಜರ್ ಇವು ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಎತ್ತಿಟ್ಟುಕೊಳ್ಳುತ್ತಾರೆ.

ಯಾರೂ ಹೇಳದ ಒಂದು ವಸ್ತು: ಅಯಸ್ಕಾಂತದ ಕೊಕ್ಕೆ. ಕ್ಯಾಬಿನ್ ಗೋಡೆ ಸಾಮಾನ್ಯವಾಗಿ ಉಕ್ಕಿನದು. ನಾಲ್ಕು ಕೊಕ್ಕೆ ಟಪ್ಪಂತ ಅಂಟಿಸಿದರೆ ಒದ್ದೆ ಬಟ್ಟೆ, ಟೋಪಿ, ಚೀಲ ಎಲ್ಲಕ್ಕೂ ಜಾಗ. ಇನ್ನೊಂದು, ಸೈನಿಕರ ಮಚ್ಚೆ ಮಚ್ಚೆ ವಿನ್ಯಾಸದ ಪ್ಯಾಂಟು, ಟೋಪಿ ಮನೆಯಲ್ಲೇ ಇರಲಿ. ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾದಲ್ಲಿ ಸಾಮಾನ್ಯ ಜನ ಅದನ್ನು ಧರಿಸುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ. ಸನ್‌ಸ್ಕ್ರೀನ್ ಕೊಳ್ಳುವಾಗ ಜಿಂಕ್ ಆಕ್ಸೈಡ್ ಇರುವುದನ್ನು ನೋಡಿ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆನ್‌ಜೋನ್ ಎಂಬ ರಾಸಾಯನಿಕ ಹವಳಕ್ಕೆ ಹಾನಿ ಎಂದು ಸೇಂಟ್ ಥಾಮಸ್ ಸೇರಿದ ಯುಎಸ್ ವರ್ಜಿನ್ ದ್ವೀಪಗಳು 2020ರಲ್ಲಿ ಅದನ್ನು ನಿಷೇಧಿಸಿವೆ.

ಹೆಜ್ಜೆ 5: ಮೊದಲ ಮಧ್ಯಾಹ್ನ

ಹಡಗು ಹತ್ತಿದ ಕೂಡಲೇ ಎಲ್ಲರೂ ಬಫೆಗೆ ನುಗ್ಗುತ್ತಾರೆ. ನೀವು ಮೊದಲು ಸುರಕ್ಷತಾ ಡ್ರಿಲ್ ಮುಗಿಸಿ. ಈಗ ಬಹಳ ಹಡಗುಗಳಲ್ಲಿ ಫೋನ್‌ನಲ್ಲೇ ವಿಡಿಯೊ ನೋಡಿ, ನಿಮ್ಮ ನಿಗದಿತ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಆಯಿತು. ಬೇಸರ ಪಟ್ಟುಕೊಳ್ಳಬೇಡಿ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಏಳು ಗಿಡ್ಡ ಸದ್ದು, ಒಂದು ಉದ್ದ ಸದ್ದು ಕೇಳಿದರೆ ಎಲ್ಲಿಗೆ ಹೋಗಬೇಕು ಎಂಬುದು ತಿಳಿದಿರಲಿ.

ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಹಡಗಿಗೆ ತನ್ನದೇ ಮೊಬೈಲ್ ಟವರ್ ಇರುತ್ತದೆ, ಫೋನ್ ಸುಮ್ನೆ ಅದಕ್ಕೆ ಅಂಟಿಕೊಂಡರೆ ಬಿಲ್ ನೋಡಿ ಎದೆ ಧಸಕ್ ಅನ್ನುತ್ತದೆ. ವೈಫೈ ಬೇಕಿದ್ದರೆ ಮನೆಯಲ್ಲಿದ್ದಾಗಲೇ ಕೊಳ್ಳಿ, ಹಡಗಿನಲ್ಲಿ ದರ ಹೆಚ್ಚು.

ಹೆಜ್ಜೆ 6: ದುಡ್ಡು ಎಲ್ಲಿ ಸೋರುತ್ತದೆ

ಟಿಕೆಟ್‌ನಲ್ಲಿ ಊಟ, ಕೋಣೆ, ಆಟ ಎಲ್ಲ ಸೇರಿದೆ ಎನ್ನುತ್ತಾರೆ. ಟಿಪ್ಸ್ ಹೆಚ್ಚಾಗಿ ಸೇರಿರುವುದಿಲ್ಲ. ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು ತಾನಾಗಿ ಬಿಲ್‌ಗೆ ಬೀಳುತ್ತದೆ. ನಾಲ್ಕು ಜನರ ಸಂಸಾರ, ಏಳು ರಾತ್ರಿ ಎಂದರೆ 500 ಡಾಲರ್ ಆಗಿಹೋಯಿತು. ಸೋಡಾ, ಮದ್ಯ, ಒಳ್ಳೆಯ ಕಾಫಿಗೆ ಬೇರೆ ದುಡ್ಡು, ಅದರ ಮೇಲೆ ಸರ್ವಿಸ್ ಚಾರ್ಜ್. ಪಾನೀಯದ ಪ್ಯಾಕೇಜ್ ಲಾಭವೋ ನಷ್ಟವೋ ಎಂದು ಕೂತು ಲೆಕ್ಕ ಹಾಕಿ. ದಿನವಿಡೀ ದಡದಲ್ಲಿ ಇರುವವರಿಗೆ ಅದು ದಂಡ.

ದ್ವೀಪಗಳಲ್ಲಿ ಅಮೆರಿಕನ್ ಡಾಲರ್ ಹೆಚ್ಚು ಕಡೆ ನಡೆಯುತ್ತದೆ. ಒಂದು, ಐದು ಡಾಲರ್‌ಗಳ ಚಿಲ್ಲರೆ ಒಯ್ಯಿರಿ. ಬೆಲೆಪಟ್ಟಿಯಲ್ಲಿ ಡಾಲರ್ ಎಂದಿದ್ದರೆ ಯಾವ ಡಾಲರ್ ಎಂದು ಕೇಳಿ. ಬಾರ್ಬಡೋಸ್‌ನ ಎರಡು ಡಾಲರ್ ಅಮೆರಿಕದ ಒಂದಕ್ಕೆ ಸಮ. ಸೇಂಟ್ ಲೂಸಿಯಾ, ಆಂಟಿಗುವಾ ಮುಂತಾದೆಡೆ ನಡೆಯುವ ಪೂರ್ವ ಕೆರಿಬಿಯನ್ ಡಾಲರ್ 2.70 ಸೇರಿದರೆ ಅಮೆರಿಕದ ಒಂದು. ಕೇಮನ್‌ನಲ್ಲಿ ಲೆಕ್ಕ ಉಲ್ಟಾ: ಅಲ್ಲಿನ 10 ಡಾಲರ್ ಎಂದರೆ ಅಮೆರಿಕದ 12 ಡಾಲರ್. ಅಗ್ಗ ಎಂದುಕೊಂಡು ಕೊಂಡ ಟೀ ಶರ್ಟ್ ನನ್ನ ಕಪಾಟಿನಲ್ಲಿ ಇನ್ನೂ ಇದೆ.

ಹೆಜ್ಜೆ 7: ಹೊಟ್ಟೆಯ ವಿಚಾರ

ಸಮುದ್ರದ ಓಲಾಟಕ್ಕೆ ಮಾತ್ರೆ ತಗೊಳ್ಳುವವರು ವಾಂತಿ ಶುರುವಾದ ಮೇಲೆ ತಗೊಂಡರೆ ಹೆಚ್ಚು ಪ್ರಯೋಜನವಿಲ್ಲ, ಮೊದಲೇ ನುಂಗಬೇಕು. ಯಾವ ಮಾತ್ರೆ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಶುಂಠಿ ಕೆಲವರಿಗೆ ಸಾಕಾಗುತ್ತದೆ. ಕ್ಯಾಬಿನ್‌ನಲ್ಲಿ ಮುದುಡಿ ಮಲಗುವ ಬದಲು ಹೊರಗೆ ಬಂದು, ನೀರು ಆಕಾಶ ಕೂಡುವ ಗೆರೆಯನ್ನೇ ನೋಡುತ್ತಾ ನಿಲ್ಲಿ.

ಸಸ್ಯಾಹಾರಿಗಳು ಬಫೆಯನ್ನೇ ನಂಬಬೇಡಿ. ಮೊದಲ ರಾತ್ರಿ ಮುಖ್ಯ ಊಟದ ಹಾಲ್‌ಗೆ ಹೋಗಿ ಹೆಡ್ ವೇಟರ್‌ಗೆ ಹೇಳಿ. ಬಹಳ ದೊಡ್ಡ ಹಡಗುಗಳಲ್ಲಿ ಹಿಂದಿನ ರಾತ್ರಿ ಕೇಳಿದರೆ ಮರುದಿನ ಭಾರತೀಯ ಸಸ್ಯಾಹಾರಿ ಊಟ ಮಾಡಿಕೊಡುತ್ತಾರೆ.

ಕೈ ತೊಳೆಯಿರಿ, ಸೋಪು ಹಾಕಿ. ಹಡಗಿನಲ್ಲಿ ವಾಂತಿ ಭೇದಿ ಹಬ್ಬಿಸುವ ನೊರೊವೈರಸ್‌ಗೆ ಸ್ಯಾನಿಟೈಜರ್ ಅಷ್ಟಾಗಿ ಬಗ್ಗುವುದಿಲ್ಲ.

ಹೆಜ್ಜೆ 8: ದಡದಲ್ಲಿ ಒಂದು ದಿನ, ಒಂದು ಕೆಲಸ

ಇಲ್ಲಿ ಜನ ಎಡವುವುದು ಜಾಸ್ತಿ. ಸಿಗುವುದು ಏಳೆಂಟು ಗಂಟೆ. ಅದರಲ್ಲಿ ಇಳಿಯಲು, ಮರಳಲು ಎರಡು ಗಂಟೆ ಕಳೆಯಿರಿ. ಗ್ರ್ಯಾಂಡ್ ಕೇಮನ್ ಮತ್ತು ಬೆಲೀಜ್ ಸಿಟಿಯಲ್ಲಿ ದೊಡ್ಡ ಹಡಗು ಸಮುದ್ರದಲ್ಲೇ ನಿಂತು ಚಿಕ್ಕ ದೋಣಿಗಳಲ್ಲಿ ನಿಮ್ಮನ್ನು ಸಾಗಿಸುತ್ತಾರೆ, ಆ ಸಾಲಿಗೆ ಇನ್ನಷ್ಟು ಹೊತ್ತು. ಕೊಜುಮೆಲ್‌ನಿಂದ ಟುಲುಮ್‌ನ ಮಾಯಾ ಗುಡಿಗಳನ್ನು ನೋಡಬೇಕೆಂದರೆ ಮುಕ್ಕಾಲು ಗಂಟೆ ಫೆರ್ರಿ, ಆಮೇಲೆ ಬಸ್. ಚೆಂದದ ಜಾಗವೇ, ಆದರೆ ಅವತ್ತು ಬೇರೇನೂ ಬೇಡ.

ದೂರದ ಪ್ರವಾಸಕ್ಕೆ ಹಡಗಿನವರದೇ ಟೂರ್ ತಗೊಳ್ಳಿ. ದುಬಾರಿ, ಆದರೆ ಅವರ ಬಸ್ ತಡವಾದರೆ ಜವಾಬ್ದಾರಿ ಅವರದು. ಹತ್ತಿರದ ಜಾಗಕ್ಕೆ ನೀವೇ ಹೋಗಿ. ಸ್ಯಾನ್ ಹುವಾನ್‌ನಲ್ಲಿ 1539ರಲ್ಲಿ ಕಟ್ಟಲು ಶುರು ಮಾಡಿದ ಎಲ್ ಮೊರೊ ಕೋಟೆಗೆ ಹಳೆ ಊರಿನ ಬಂದರಿನಿಂದ ನಡೆದೇ ಹೋಗಬಹುದು. ಕ್ಯುರಸಾವ್‌ನ ವಿಲೆಮ್‌ಸ್ಟಾಡ್‌ನಲ್ಲಿ ಟೂರ್ ಬೇಡವೇ ಬೇಡ. ಬಣ್ಣದ ಡಚ್ ಮನೆಗಳ ಸಾಲಿಗೆ ಎದುರಾಗಿ ಕ್ವೀನ್ ಎಮ್ಮಾ ಸೇತುವೆ ಇದೆ, 1888ರದು, ದೋಣಿಗಳ ಮೇಲೆ ತೇಲುವಂಥದ್ದು. ಹಡಗು ಬಂದಾಗ ಗಂಟೆ ಬಾರಿಸಿ, ಸೇತುವೆಗೆ ಸೇತುವೆಯೇ ಬಾಗಿಲಿನಂತೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ನಾನು ಒಂದು ಐಸ್‌ಕ್ರೀಮ್ ಹಿಡಿದು ಅದನ್ನು ಮೂರು ಸಲ ನೋಡಿದೆ. ಆ ದಿನದ ಕೆಲಸ ಅಷ್ಟೇ.

ಗ್ರ್ಯಾಂಡ್ ಕೇಮನ್‌ನ ಸ್ಟಿಂಗ್‌ರೇ ಸಿಟಿಯಲ್ಲಿ ಸೊಂಟದಷ್ಟು ನೀರಿನ ಮರಳ ದಿಬ್ಬದ ಮೇಲೆ ನಿಲ್ಲಿಸುತ್ತಾರೆ. ತೊರಕೆ ಮೀನುಗಳು ಕಾಲಿಗೆ ಒರಸಿಕೊಂಡು ಹೋಗುತ್ತವೆ, ಒದ್ದೆ ವೆಲ್ವೆಟ್‌ನಂತೆ. ಹೆಜ್ಜೆ ಎತ್ತಿ ಇಡಬೇಡಿ, ಪಾದವನ್ನು ಮರಳಲ್ಲೇ ಜಾರಿಸುತ್ತಾ ನಡೆಯಿರಿ. ಮೀನಿನ ಮೇಲೆ ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಜಮೈಕಾದ ಡನ್ಸ್ ರಿವರ್ ಜಲಪಾತ ಏರುವವರಿಗೆ ನೀರಿನ ಶೂ ಬೇಕೇ ಬೇಕು. ಸೇಂಟ್ ಮಾರ್ಟಿನ್‌ನ ಮಾಹೊ ಬೀಚ್‌ನಲ್ಲಿ ವಿಮಾನ ತಲೆ ಮೇಲೇ ಇಳಿಯುತ್ತದೆ. ನೋಡಿ, ಆದರೆ ರನ್‌ವೇ ಬೇಲಿ ಹಿಡಿದು ನಿಲ್ಲಬೇಡಿ. 2017ರಲ್ಲಿ ಹಾಗೆ ನಿಂತ ಮಹಿಳೆಯೊಬ್ಬರು ಜೆಟ್ ಗಾಳಿಯ ಹೊಡೆತಕ್ಕೆ ಬಿದ್ದು ಸತ್ತರು.

ಇಳಿಯುವ ಮುನ್ನ, ಹಡಗಿನ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿರುವ ಬಂದರು ಏಜೆಂಟ್‌ನ (ದಡದಲ್ಲಿರುವ ಹಡಗಿನವರ ಪ್ರತಿನಿಧಿ) ನಂಬರ್ ಫೋಟೊ ತೆಗೆದುಕೊಳ್ಳಿ. ಹಡಗು ಬಿಟ್ಟುಹೋದರೆ ಮೊದಲು ಫೋನ್ ಮಾಡಬೇಕಾದದ್ದು ಅವರಿಗೆ. ಒಂದು ಬಂದರಿನಲ್ಲಿ ಬೇಕೆಂದೇ ಹಡಗಿನಲ್ಲೇ ಉಳಿದು ನೋಡಿ. ಎಲ್ಲರೂ ಇಳಿದಿರುತ್ತಾರೆ, ಕೊಳದ ಪಕ್ಕ ಬೇಕಾದ ಕುರ್ಚಿ ನಿಮ್ಮದು.

ಹೆಜ್ಜೆ 9: ಕೊನೆಯ ರಾತ್ರಿ

ಬಿಲ್ ಅನ್ನು ಕೊನೆಯ ಸಂಜೆಯೇ ಆ್ಯಪ್‌ನಲ್ಲೋ ಟಿವಿಯಲ್ಲೋ ನೋಡಿ. ತಪ್ಪಿದ್ದರೆ ಆಗಲೇ ಕೌಂಟರ್‌ಗೆ ಹೋಗಿ, ಬೆಳಿಗ್ಗೆ ಅಲ್ಲಿ ಜಾತ್ರೆ. ಇಳಿಯುವ ದಿನದ ವಿಮಾನ ಮಧ್ಯಾಹ್ನದ ನಂತರದ್ದಿರಲಿ. ಬಫೆಯ ಸೇಬು, ಬಾಳೆಹಣ್ಣು ಚೀಲದಲ್ಲಿ ಉಳಿದಿದ್ದರೆ ತಿಂದು ಮುಗಿಸಿ, ಕಸ್ಟಮ್ಸ್‌ನಲ್ಲಿ ಹಣ್ಣಿಗೆ ದಂಡ ಬೀಳಬಹುದು.

ಸೂಟ್‌ಕೇಸ್‌ಗಳನ್ನು ಆ ರಾತ್ರಿಯೇ ಟ್ಯಾಗ್ ಹಾಕಿ ಬಾಗಿಲ ಹೊರಗಿಡಬೇಕು. ಬೆಳಿಗ್ಗೆ ದಡದಲ್ಲಿ ಸಿಗುತ್ತವೆ. ಹೊರಗಿಡುವ ಮೊದಲು ಮರುದಿನ ಹಾಕುವ ಬಟ್ಟೆ, ಶೂ ಎಲ್ಲವನ್ನೂ ಹಾಸಿಗೆ ಮೇಲೆ ತೆಗೆದಿಟ್ಟು ಎಣಿಸಿ. ನಾನು ಮೊದಲ ಸಲ ಶಿಸ್ತಾಗಿ ಎಲ್ಲ ತುಂಬಿ, ಜಿಪ್ ಎಳೆದು, ಹತ್ತು ಗಂಟೆಗೇ ಹೊರಗಿಟ್ಟು ಮಲಗಿದೆ. ಬೆಳಿಗ್ಗೆ ಕಪಾಟು ತೆರೆದರೆ ಒಂದು ಕೋಟು ಬಿಟ್ಟು ಏನೂ ಇಲ್ಲ. ಮಯಾಮಿಯ ಇಮಿಗ್ರೇಶನ್ ಅಧಿಕಾರಿ ನನ್ನ ಪಾಸ್‌ಪೋರ್ಟ್ ನೋಡಿದ, ಕೋಟು ನೋಡಿದ, ಅದರ ಕೆಳಗಿನ ಹೂಹೂ ಪೈಜಾಮ ನೋಡಿದ. ಏನೂ ಕೇಳದೆ ಕಳಿಸಿಕೊಟ್ಟ.